ಕಣ್ಣಿನ ಕೆಳಗಿನ ಕಪ್ಪು: ಮನೆಮದ್ದುಗಳ ಒಂದು ಪರಿಶೀಲನೆ

ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಮುಖ ಕಂಡೊಡನೆ ನಮ್ಮ ಮನೆಗಳಲ್ಲಿ ಎರಡು ಮಾತು ಹೊರಡುತ್ತವೆ. ಒಂದು, ‘ರಾತ್ರಿ ಸರಿಯಾಗಿ ನಿದ್ದೆ ಮಾಡಲ್ವಾ?’ ಎಂಬ ಪ್ರಶ್ನೆ. ಇನ್ನೊಂದು, ‘ಆಲೂಗಡ್ಡೆ ತುರಿದು ಹಚ್ಚು, ಹೋಗುತ್ತೆ’ ಎಂಬ ಸಲಹೆ. ಮೊದಲನೆಯದು ಕಾರಣವನ್ನು ಊಹಿಸುತ್ತದೆ. ಎರಡನೆಯದು ಆ ಊಹೆಯ ಗೊಡವೆಗೂ ಹೋಗದೆ ಮದ್ದು ಹೇಳಿಬಿಡುತ್ತದೆ. ಈ ಎರಡು ಮಾತುಗಳ ನಡುವೆ ಇರಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಈ ಕಪ್ಪು ಯಾವ ಬಗೆಯದು? ಅದನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಮೊದಲಿಗೆ ತರುವುದು ಈ ಟಿಪ್ಪಣಿಯ ಉದ್ದೇಶ. ಕಣ್ಣಿನ ಸುತ್ತಲ ಕಪ್ಪು ಒಂದೇ ಕಾಯಿಲೆಯ ಗುರುತಲ್ಲ. ಬಣ್ಣ, ರಕ್ತ, ನೆರಳು ಈ ಮೂರೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಜಾಗದಲ್ಲಿ ಕಪ್ಪಾಗಿ ಕಾಣಿಸಿಕೊಳ್ಳುತ್ತವೆ. ಬಗೆ ತಿಳಿಯದೆ ಹಚ್ಚಿದ ಮದ್ದು ಫಲ ಕೊಟ್ಟರೆ ಅದು ಆಕಸ್ಮಿಕ. ಕೆಲವು ಮದ್ದುಗಳಂತೂ ಇದ್ದ ಕಪ್ಪನ್ನು ಹೆಚ್ಚಿಸುತ್ತವೆ. ಪ್ರಕಟಿತ ವೈದ್ಯಕೀಯ ಅಧ್ಯಯನಗಳನ್ನು ಆಧಾರವಾಗಿ ಇಟ್ಟುಕೊಂಡು, ಮನೆಯಲ್ಲಿ ಮಾಡಬಹುದಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡಲಾಗಿದೆ.

1. ಆ ಜಾಗದ ಚರ್ಮ

ದೇಹದಲ್ಲೆಲ್ಲ ಅತಿ ತೆಳುವಾದ ಚರ್ಮ ಇರುವುದು ಕಣ್ಣಿನ ರೆಪ್ಪೆಯ ಮೇಲೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಕೆನ್ನೆಯಲ್ಲಿ ಚರ್ಮದ ಅಡಿಗೆ ಕೊಬ್ಬಿನ ಪದರವಿದ್ದು ಒಳಗಿನದನ್ನು ಮರೆಮಾಡುತ್ತದೆ. ಕೆಳರೆಪ್ಪೆಯಲ್ಲಿ ಆ ಪದರ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣು ಮುಚ್ಚಿ ತೆರೆಯುವ ಉಂಗುರಾಕಾರದ ಸ್ನಾಯು ಮತ್ತು ಅದರ ಸಣ್ಣ ರಕ್ತನಾಳಗಳು ಚರ್ಮಕ್ಕೆ ಅಂಟಿಕೊಂಡಂತೆಯೇ ಇರುತ್ತವೆ. ಆದ್ದರಿಂದ ಬೇರೆಡೆ ಕಾಣದ ರಕ್ತದ ಛಾಯೆ ಇಲ್ಲಿ ನೀಲಿಯಾಗಿ, ನೇರಳೆಯಾಗಿ ಹೊರಗೆ ಕಾಣುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಅದು ಮೇಲ್ಪದರದಲ್ಲಿದ್ದರೆ ಕಂದು ಬಣ್ಣ ಕಾಣುತ್ತದೆ. ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುವುದರಿಂದ ಈ ಬಣ್ಣ ಕ್ರಮೇಣ ತಿಳಿಯಾಗುವ ಅವಕಾಶವಿದೆ. ಉರಿ, ತುರಿಕೆ, ಉಜ್ಜುವಿಕೆಗಳಿಂದ ಮೇಲ್ಪದರ ಪೆಟ್ಟು ತಿಂದಾಗ ಮೆಲನಿನ್ ಕೆಳಪದರಕ್ಕೆ ಜಾರುತ್ತದೆ. ಅಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಆಗ ಕಾಣುವ ಬಣ್ಣ ಬೂದುಗಪ್ಪು. ಮೇಲೆ ಎಷ್ಟು ಉಜ್ಜಿದರೂ ಅಲ್ಲಿಗೆ ಕೈ ಮುಟ್ಟುವುದಿಲ್ಲ. ಉಜ್ಜಿದಷ್ಟೂ ಇನ್ನಷ್ಟು ಮೆಲನಿನ್ ಕೆಳಗೆ ಇಳಿಯುತ್ತದೆ. ಮನೆಮದ್ದುಗಳನ್ನು ತೂಗಿ ನೋಡುವಾಗ ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡರೆ ಅರ್ಧ ತೀರ್ಪು ತಾನಾಗಿಯೇ ಹೊರಬೀಳುತ್ತದೆ.

2. ಬಗೆಗಳು: ಮೂರು ಅಧ್ಯಯನಗಳು

ಏಷ್ಯಾದವರಲ್ಲಿ ಈ ಕಪ್ಪನ್ನು ವಿಂಗಡಿಸಿ ನೋಡಿದ ಮೂರು ಅಧ್ಯಯನಗಳು ಇಲ್ಲಿ ಪ್ರಸ್ತುತ.

2011ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನದಲ್ಲಿ 200 ಜನರನ್ನು ಪರೀಕ್ಷಿಸಿ ನಾಲ್ಕು ಬಗೆ ಮಾಡಿದರು. ರಕ್ತನಾಳದ ಬಗೆ ಶೇ. 41.8, ಹುಟ್ಟಿನಿಂದ ಅಥವಾ ವಂಶದಿಂದ ಬಂದ ಬಣ್ಣದ ಬಗೆ ಶೇ. 38.6, ಉರಿಯೂತದ ನಂತರ ಉಳಿದ ಕಪ್ಪು ಶೇ. 12, ನೆರಳಿನ ಬಗೆ ಶೇ. 11.4. ಒಬ್ಬರಲ್ಲೇ ಎರಡು ಬಗೆ ಇರಬಹುದಾದ್ದರಿಂದ ಮೊತ್ತ ನೂರನ್ನು ಮೀರಿದೆ. ಚೀನೀ ಮೂಲದವರಲ್ಲಿ ರಕ್ತನಾಳದ ಬಗೆ ಹೆಚ್ಚು ಕಂಡರೆ, ಭಾರತೀಯ ಮತ್ತು ಮಲಯ ಮೂಲದವರಲ್ಲಿ ವಂಶದ ಬಣ್ಣವೇ ಹೆಚ್ಚಾಗಿತ್ತು.

2014ರಲ್ಲಿ ಇಂಡಿಯನ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಶೇಠ್, ಶಾ ಮತ್ತು ದವೆ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಅವರು ನೋಡಿದ 200 ಭಾರತೀಯ ರೋಗಿಗಳಲ್ಲಿ ಶೇ. 81ರಷ್ಟು ಮಹಿಳೆಯರು, ಶೇ. 47.5ರಷ್ಟು ಜನ 16ರಿಂದ 25ರ ವಯಸ್ಸಿನವರು. ವಂಶದ ಬಣ್ಣದ ಬಗೆ ಶೇ. 51.5, ಉರಿಯೂತದ ನಂತರದ ಬಗೆ ಶೇ. 22.5. ಮನೆತನದಲ್ಲಿ ಬೇರೆಯವರಿಗೂ ಹೀಗೇ ಇದೆ ಎಂದವರು ಶೇ. 63. ಬಣ್ಣದ ಆಳ ತಿಳಿಯಲು ಬಳಸುವ ವುಡ್ಸ್ ಎಂಬ ಅತಿನೇರಳೆ ದೀಪದ ಕೆಳಗೆ ನೋಡಿದಾಗ ಶೇ. 60.5ರಷ್ಟು ಜನರಲ್ಲಿ ಬಣ್ಣ ಕೂತಿದ್ದದ್ದು ಚರ್ಮದ ಕೆಳಪದರದಲ್ಲಿ.

ಅದೇ ವರ್ಷ ಬಂದ ತೈವಾನಿನ ಅಧ್ಯಯನ ಚಿಕ್ಕದು, 65 ಜನರದು. ಅದರಲ್ಲಿ ಬರೀ ಬಣ್ಣದ ಬಗೆ ಶೇ. 5, ಬರೀ ರಕ್ತನಾಳದ ಬಗೆ ಶೇ. 14, ಬರೀ ರಚನೆಯ, ಅಂದರೆ ನೆರಳಿನ ಬಗೆ ಶೇ. 3. ಉಳಿದ ಶೇ. 78 ಮಿಶ್ರ.

ಈ ಅಂಕಿಗಳನ್ನು ಬಳಸುವಾಗ ಎಚ್ಚರ ಬೇಕು. ಇವೆಲ್ಲ ಚರ್ಮರೋಗ ವಿಭಾಗಕ್ಕೆ ಬಂದವರನ್ನು ನೋಡಿ ಬರೆದವು; ಊರಿನ ಎಲ್ಲರಿಗೂ ಹೀಗೇ ಎಂದು ಹೇಳಲು ಬರುವುದಿಲ್ಲ. ವಿಂಗಡಣೆಯ ಅಳತೆಗೋಲೂ ಮೂರರಲ್ಲಿ ಒಂದೇ ಅಲ್ಲ. ಹಾಗಿದ್ದರೂ ಎರಡು ಸಂಗತಿ ನಿಲ್ಲುತ್ತವೆ. ಭಾರತೀಯರಲ್ಲಿ ವಂಶದ ಪಾಲು ದೊಡ್ಡದು. ಮತ್ತು ಬಹಳ ಜನರಲ್ಲಿ ಒಂದಕ್ಕಿಂತ ಹೆಚ್ಚು ಕಾರಣ ಕೂಡಿಕೊಂಡಿರುತ್ತವೆ.

ಮೊದಲನೆಯ ಸಂಗತಿಗೆ ಸಾಮಾಜಿಕವಾದ ತೂಕವೂ ಇದೆ. ತಾಯಿಗೆ, ಅಜ್ಜಿಗೆ, ಸೋದರತ್ತೆಗೆ ಇದ್ದ ಬಣ್ಣವೇ ಹದಿನಾರರ ಹುಡುಗಿಯ ಕಣ್ಣಿನ ಕೆಳಗೆ ಮೂಡಿದಾಗ ಅವಳ ನಿದ್ದೆಯನ್ನೂ ಮೊಬೈಲನ್ನೂ ಆಡಿಕೊಳ್ಳುವುದು ನ್ಯಾಯವಲ್ಲ. ಹೆಣ್ಣು ನೋಡಲು ಬಂದವರು ಅದನ್ನು ಕೊರತೆಯೆಂದು ಎಣಿಸುವುದಂತೂ ಇನ್ನೂ ದೊಡ್ಡ ಅನ್ಯಾಯ. ಅದು ಮೈಬಣ್ಣದ ಒಂದು ಭಾಗ, ಆರೋಗ್ಯದ ದೋಷವಲ್ಲ.

3. ಮನೆಯಲ್ಲೇ ಬಗೆ ಗುರುತಿಸುವುದು

ಹಗಲು ಬೆಳಕಿನಲ್ಲಿ, ಕಿಟಕಿಗೆ ಎದುರಾಗಿ ಕನ್ನಡಿ ಹಿಡಿದು ಕೂತರೆ ಸಾಕು. ಮುಖ ತೊಳೆದು ಒರೆಸಿರಬೇಕು. ಕಾಡಿಗೆ, ಪೌಡರು ಇರಬಾರದು.

ಮೊದಲು ಬಣ್ಣ ನೋಡಬೇಕು. ಕಂದು ಅಥವಾ ಕಡುಗಂದು ಇದ್ದು ಮೇಲಿನ ರೆಪ್ಪೆಗೂ ಹರಡಿದ್ದರೆ ಅದು ಹೆಚ್ಚಾಗಿ ಮೆಲನಿನ್ನಿನದು. ನೀಲಿ, ನೇರಳೆ ಅಥವಾ ಗುಲಾಬಿ ಛಾಯೆ ಇದ್ದು ಮೂಗಿನ ಬದಿಯ ಮೂಲೆಯಲ್ಲಿ ಎದ್ದು ಕಾಣುತ್ತಿದ್ದರೆ ರಕ್ತನಾಳದ್ದು.

ನಂತರ ಬೆರಳ ತುದಿಯಿಂದ ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯಬೇಕು. ಎಳೆದಾಗಲೂ ಬಣ್ಣ ಹಾಗೇ ಉಳಿದರೆ ಮೆಲನಿನ್. ಚರ್ಮ ಇನ್ನಷ್ಟು ತೆಳುವಾಗಿ ನೇರಳೆ ಛಾಯೆ ಹೆಚ್ಚಾದರೆ ರಕ್ತನಾಳ. ಕಪ್ಪು ಬಹುಪಾಲು ಮಾಯವಾದರೆ ಅದು ನೆರಳು.

ನೆರಳನ್ನು ಖಚಿತಪಡಿಸಿಕೊಳ್ಳಲು ಬೆಳಕಿನ ದಿಕ್ಕು ಬದಲಿಸಬೇಕು. ತಲೆಯ ಮೇಲಿನ ದೀಪದ ಕೆಳಗೆ ಗಾಢವಾಗಿ ಕಂಡದ್ದು ಮುಖದ ಎದುರಿಗೆ ಬೆಳಕು ಹಿಡಿದಾಗ ಇಲ್ಲವಾದರೆ, ಅಲ್ಲಿರುವುದು ಬಣ್ಣವಲ್ಲ, ತಗ್ಗು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕೆಳಗಿಳಿದು ಕಣ್ಣಿಗೂ ಕೆನ್ನೆಗೂ ನಡುವೆ ಬೀಳುವ ಓಣಿಯಂಥ ತಗ್ಗು ಇದು. ಕೆಲವರಿಗೆ ಹರೆಯದಲ್ಲೇ ಇರುತ್ತದೆ. ಕೆಳರೆಪ್ಪೆ ಊದಿಕೊಂಡವರಲ್ಲಿ ಊತದ ಕೆಳಗೂ ನೆರಳು ಬೀಳುತ್ತದೆ. ಹಚ್ಚುವ ಯಾವ ವಸ್ತುವೂ ತಗ್ಗನ್ನು ತುಂಬಲಾರದು.

ಕೊನೆಯದಾಗಿ ಚರ್ಮವನ್ನು ಮುಟ್ಟಿ ನೋಡಬೇಕು. ಒರಟಾಗಿದ್ದು, ಗೆರೆಗಳು ದಪ್ಪಗಾಗಿ, ತುರಿಸುತ್ತಿದ್ದರೆ ಅದು ಉಜ್ಜಿ ಉಜ್ಜಿ ಅಥವಾ ಅಲರ್ಜಿಯಿಂದ ಬಂದ ಕಪ್ಪು. ಕುತ್ತಿಗೆ, ಕಂಕುಳಲ್ಲೂ ಮಖಮಲ್ಲಿನಂಥ ದಪ್ಪ ಕಪ್ಪು ಇದ್ದರೆ ಅದು ಇನ್ಸುಲಿನ್ ಪ್ರತಿರೋಧದ ಗುರುತಾಗಿರಬಹುದು. ಕ್ರೀಮಿಗಿಂತ ಮೊದಲು ಸಕ್ಕರೆಯ ಪರೀಕ್ಷೆ ಆಗಬೇಕು.

4. ಅಡುಗೆಮನೆಯ ಮದ್ದುಗಳು

ತಂಪು. ಸೌತೆಕಾಯಿಯ ಬಿಲ್ಲೆ, ಪನ್ನೀರಿನ ಹತ್ತಿ, ತಣ್ಣಗಿನ ಹಾಲು, ಫ್ರಿಜ್ಜಿನಲ್ಲಿಟ್ಟ ಚಮಚ ಎಲ್ಲವೂ ಮಾಡುವ ಕೆಲಸ ಒಂದೇ. ತಂಪಿಗೆ ರಕ್ತನಾಳಗಳು ಕುಗ್ಗುತ್ತವೆ, ಊತ ಇಳಿಯುತ್ತದೆ. ಸೌತೆಕಾಯಿಯ ಶೇ. 95ರಷ್ಟು ಭಾಗ ನೀರು; ಅದು ತಂಪನ್ನು ಹಿಡಿದಿಡುತ್ತದೆ, ಅದಕ್ಕಿಂತ ಹೆಚ್ಚಿನ ಗುಣವನ್ನು ಅದಕ್ಕೆ ಆರೋಪಿಸಲು ಪುರಾವೆಯಿಲ್ಲ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಮುಚ್ಚಿದ ಕಣ್ಣ ಮೇಲೆ ಇಟ್ಟರೂ ಅಷ್ಟೇ ಫಲ. ರಕ್ತನಾಳದ ಬಗೆಗೂ ಊತದ ನೆರಳಿಗೂ ಇದು ನಿಜವಾಗಿ ಉಪಯುಕ್ತ. ಆದರೆ ಉಪಶಮನ ಕೆಲವು ಗಂಟೆಗಳದ್ದು. ಮೆಲನಿನ್ನಿನ ಕಪ್ಪಿಗೆ ಇದರಿಂದ ಏನೂ ಆಗದು. ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು. ಅಷ್ಟು ತೆಳು ಚರ್ಮ ಆ ಚಳಿಯನ್ನು ತಡೆಯುವುದಿಲ್ಲ.

ಚಹಾದ ಚೀಲ. ಚಹಾದಲ್ಲಿರುವ ಕೆಫೀನ್ ರಕ್ತನಾಳವನ್ನು ಕುಗ್ಗಿಸುತ್ತದೆ ಎಂಬುದು ಈ ಸಲಹೆಯ ಆಧಾರ. 2015ರಲ್ಲಿ ಇರಾನಿನ ಸಂಶೋಧಕರು ಕೆಫೀನ್ ಮತ್ತು ವಿಟಮಿನ್ ಕೆ ಸೇರಿಸಿದ ಪಟ್ಟಿಯನ್ನು ಸ್ವಯಂಸೇವಕಿಯರ ಕಣ್ಣಿನ ಕೆಳಗೆ ನಾಲ್ಕು ವಾರ ಬಳಸಿ ನೋಡಿ, ಕಪ್ಪು ಸ್ವಲ್ಪ ತಿಳಿಯಾದದ್ದನ್ನು ವರದಿ ಮಾಡಿದ್ದಾರೆ. ಬೆರಳೆಣಿಕೆಯ ಜನರ ಮೇಲೆ ನಡೆದ ಪರೀಕ್ಷೆ ಅದು. ಅಳತೆ ಮಾಡಿ ಬೆರೆಸಿದ ಔಷಧಕ್ಕೂ ಕುದಿಸಿ ತೆಗೆದ ಚಹಾ ಚೀಲಕ್ಕೂ ಅಂತರವಿದೆ. ತಣಿಸಿದ ಚೀಲ ಇಟ್ಟರೆ ತಂಪಿನ ಲಾಭ ಖಚಿತ, ಕೆಫೀನಿನ ಲಾಭ ಸಂಭವನೀಯ. ಹಾನಿಯಂತೂ ಕಡಿಮೆ.

ಆಲೂಗಡ್ಡೆ. ಇದಕ್ಕೆ ಇರುವಷ್ಟು ಹೆಸರು ಬೇರೆ ಯಾವ ಮದ್ದಿಗೂ ಇಲ್ಲ. ಆಲೂಗಡ್ಡೆಯಲ್ಲಿರುವ ಕ್ಯಾಟಕೊಲೇಸ್ ಎಂಬ ಕಿಣ್ವ ಚರ್ಮವನ್ನು ಬಿಳಿಯಾಗಿಸುತ್ತದೆ ಎಂಬ ವಿವರಣೆಯನ್ನೂ ಜೊತೆಗೆ ಕೊಡುತ್ತಾರೆ. ರಸಾಯನಶಾಸ್ತ್ರ ಇದಕ್ಕೆ ವಿರುದ್ಧವಾಗಿದೆ. ಹೆಚ್ಚಿಟ್ಟ ಆಲೂಗಡ್ಡೆ ಕಪ್ಪಾಗುವುದು ಇದೇ ಕಿಣ್ವದಿಂದ. ಗಡ್ಡೆಯಲ್ಲಿರುವ ಟೈರೋಸಿನ್ ಮತ್ತು ಕ್ಲೋರೋಜೆನಿಕ್ ಆಮ್ಲಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ ಅದು ಕಂದು ಬಣ್ಣವನ್ನು ಕಟ್ಟುತ್ತದೆ. ನಮ್ಮ ಚರ್ಮದಲ್ಲಿ ಟೈರೋಸಿನ್ನಿನಿಂದ ಮೆಲನಿನ್ ಕಟ್ಟುವ ಟೈರೋಸಿನೇಸ್ ಕಿಣ್ವಕ್ಕೆ ಇದು ಹತ್ತಿರದ ನೆಂಟ. ಎರಡರ ನಡುಭಾಗದಲ್ಲೂ ತಾಮ್ರವಿದೆ. ಬಣ್ಣ ಕಟ್ಟುವ ಕಿಣ್ವದಿಂದ ಬಣ್ಣ ಕಳೆಯುವ ಕೆಲಸವನ್ನು ನಿರೀಕ್ಷಿಸುವುದು ಸರಿಯಲ್ಲ. ಅದೃಷ್ಟಕ್ಕೆ, ಇಷ್ಟು ದೊಡ್ಡ ಪ್ರೋಟೀನ್ ಅಣು ಚರ್ಮದೊಳಗೆ ಇಳಿಯುವುದೂ ಇಲ್ಲ. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಸ್ವಸ್ಥ ಚರ್ಮವನ್ನು ದಾಟುವುದು ಕಷ್ಟವೆಂದು ಚರ್ಮವಿಜ್ಞಾನದಲ್ಲಿ ಒಪ್ಪಿತವಾದ ನಿಯಮವಿದೆ. ಕಿಣ್ವಗಳು ಇದರ ಹತ್ತಾರು ಪಟ್ಟು ಭಾರ. ಹಾಗಾಗಿ ಆಲೂಗಡ್ಡೆ ಹಚ್ಚಿದಾಗ ಸಿಗುವುದು ತಂಪು ಮತ್ತು ತೇವ ಮಾತ್ರ.

ನಿಂಬೆ. ಇದನ್ನು ಖಂಡಿತವಾಗಿ ಬಿಡಬೇಕು. ಚರ್ಮದ ಹೊರಮೈ ಸ್ವಲ್ಪ ಹುಳಿ ಗುಣದ್ದು. ಅದರ ಪಿಎಚ್ ಸುಮಾರು 5. ನಿಂಬೆರಸದ್ದು 2ರಿಂದ 2.5. ಪಿಎಚ್‌ನ ಒಂದೊಂದು ಅಂಕೆಗೂ ಹುಳಿ ಹತ್ತು ಪಟ್ಟು ಏರುವುದರಿಂದ ಈ ಅಂತರ ನೂರಾರು ಪಟ್ಟಿನದು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನಮ್ಮ ಮನೆಗಳಲ್ಲಿ ಬಳಸುವ ಸಣ್ಣ ಗುಂಡು ನಿಂಬೆಯಲ್ಲಿ, ವಿಶೇಷವಾಗಿ ಸಿಪ್ಪೆಯಲ್ಲಿ, ಸೊರಾಲೆನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಇವು ಚರ್ಮದ ಮೇಲಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಒಂದೆರಡು ದಿನದಲ್ಲಿ ಉರಿ, ಕೆಲವೊಮ್ಮೆ ಗುಳ್ಳೆ ಏಳುತ್ತವೆ. ಗುಳ್ಳೆ ಒಣಗಿದ ಮೇಲೆ ಉಳಿಯುವುದು ಕಡುಗಪ್ಪು ಕಲೆ. ಅದು ತಿಂಗಳುಗಟ್ಟಲೆ ಹೋಗುವುದಿಲ್ಲ. ಕಪ್ಪು ಕಳೆಯಲೆಂದು ನಿಂಬೆ ಹಚ್ಚಿ ಅಂಗಳದ ಬಿಸಿಲಿಗೆ ಹೋದವರು ಹೊಸ ಕಪ್ಪನ್ನು ತಂದುಕೊಳ್ಳುತ್ತಾರೆ.

ಅರಿಶಿನ, ಕಡಲೆಹಿಟ್ಟು, ಕಾಫಿಪುಡಿ. ಇಲ್ಲಿ ವಸ್ತುವಿಗಿಂತ ವಿಧಾನ ಕೆಡುಕಿನದು. ಹಚ್ಚಿ ಒಣಗಲು ಬಿಟ್ಟು, ಒಣಗಿದ್ದನ್ನು ತಿಕ್ಕಿ ತೆಗೆಯುವುದು ರೂಢಿ. ಕಾಲಿನ ಹಿಮ್ಮಡಿಗೆ ತಡೆಯುವ ತಿಕ್ಕಾಟವನ್ನು ರೆಪ್ಪೆ ತಡೆಯುವುದಿಲ್ಲ. ಶೇಠ್ ಅವರ ಅಧ್ಯಯನದಲ್ಲಿ ಶೇ. 32.5ರಷ್ಟು ಜನ ಪದೇಪದೇ ಕಣ್ಣುಜ್ಜುವವರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಅರಿಶಿನದಿಂದ ಕೆಲವರಿಗೆ ಸ್ಪರ್ಶದ ಅಲರ್ಜಿಯೂ ಆಗುತ್ತದೆ.

ಎಣ್ಣೆ. ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆಗಳು ಬಣ್ಣವನ್ನು ಕಳೆಯುತ್ತವೆ ಎಂಬುದಕ್ಕೆ ಆಧಾರ ಸಾಲದು. ಆದರೆ ಒಣಗಿ ತುರಿಸುವ ಚರ್ಮಕ್ಕೆ ಜಿಡ್ಡು ಬೇಕು. ಫಿಲಿಪೈನ್ಸಿನಲ್ಲಿ ಇಸುಬಿನ ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಣ್ಣಗೆ ತೆಗೆದ ಕೊಬ್ಬರಿ ಎಣ್ಣೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ಆಲಿವ್ ಎಣ್ಣೆಗಿಂತ ಹೆಚ್ಚು ತಗ್ಗಿಸಿತು. ಒಣಗಿದ ಚರ್ಮವುಳ್ಳವರು ರಾತ್ರಿ ಮಲಗುವಾಗ ಒಂದು ಹನಿಯನ್ನು ಉಂಗುರ ಬೆರಳಿನಿಂದ ತಟ್ಟಿ ಹಚ್ಚಿಕೊಂಡರೆ ತುರಿಕೆ ತಗ್ಗುತ್ತದೆ. ತುರಿಕೆ ತಗ್ಗಿದರೆ ಉಜ್ಜುವುದು ತಗ್ಗುತ್ತದೆ. ಎಣ್ಣೆಯ ಲಾಭ ಬರುವುದು ಈ ಬಳಸು ದಾರಿಯಿಂದ.

ಕಾಡಿಗೆಯ ಮಾತನ್ನೂ ಇಲ್ಲಿ ಆಡಬೇಕು. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ್ದಿರಲಿ, ಅಂಗಡಿಯದಿರಲಿ, ರಾತ್ರಿ ತೊಳೆಯದೆ ಮಲಗಿದರೆ ಅದು ಕೆಳರೆಪ್ಪೆಯ ಗೆರೆಗಳಲ್ಲಿ ಕೂರುತ್ತದೆ. ಬೆಳಿಗ್ಗೆ ಅದನ್ನು ತಿಕ್ಕಿ ತೆಗೆಯುವ ಕೆಲಸ ಬೇರೆ. ಎಣ್ಣೆ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ ತೆಗೆಯುವುದು ಒಳ್ಳೆಯದು. ಕಲ್ಲು ಅರೆದು ಮಾಡಿದ ಸುರ್ಮಾಗಳಲ್ಲಿ ಸೀಸದ ಸಲ್ಫೈಡ್ ಇರುವುದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಅವನ್ನು ಯಾರೂ ಹಚ್ಚಬಾರದು, ಮಕ್ಕಳಿಗಂತೂ ಸರ್ವಥಾ ಕೂಡದು.

5. ಅಂಗಡಿಯಿಂದ ತರುವವು

ವಿಟಮಿನ್ ಸಿ ಬಗ್ಗೆ ಜಪಾನಿನಿಂದ ಎರಡು ಪ್ರಯೋಗಗಳಿವೆ. 2004ರದ್ದರಲ್ಲಿ ವಿಟಮಿನ್ ಕೆ, ರೆಟಿನಾಲ್, ವಿಟಮಿನ್ ಸಿ ಮತ್ತು ಇ ಸೇರಿದ ಜೆಲ್ಲನ್ನು 57 ಜನ ಎಂಟು ವಾರ ಹಚ್ಚಿದರು. ರಕ್ತ ನಿಂತು ಬಂದ ಕಪ್ಪು ಸುಮಾರು ಅರ್ಧದಷ್ಟು ಜನರಲ್ಲಿ ತಗ್ಗಿತು. 2009ರದ್ದರಲ್ಲಿ ಶೇ. 10ರ ವಿಟಮಿನ್ ಸಿ ದ್ರವವನ್ನು 14 ಜನ ಆರು ತಿಂಗಳು ಬಳಸಿದರು. ಕೆಳರೆಪ್ಪೆಯ ಚರ್ಮ ದಪ್ಪವಾಗಿ ಒಳಗಿನ ರಕ್ತದ ಛಾಯೆ ಕಡಿಮೆ ಕಂಡಿತು. ಎರಡೂ ಸಣ್ಣ ಪ್ರಯೋಗಗಳು. ಆದರೆ ಅವು ಕಲಿಸುವ ಒಂದು ಪಾಠ ಗಟ್ಟಿ: ಬದಲಾವಣೆಗೆ ಬೇಕಾದದ್ದು ವಾರಗಳು, ತಿಂಗಳುಗಳು. ಒಂದೇ ರಾತ್ರಿಯಲ್ಲಿ ಎನ್ನುವ ಜಾಹೀರಾತನ್ನು ನಂಬಬೇಕಾಗಿಲ್ಲ. ರೆಟಿನಾಲ್ ಇರುವುದನ್ನು ಗರ್ಭಿಣಿಯರು ಬಳಸಬಾರದು. ಯಾವುದನ್ನೇ ತಂದರೂ ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ ಆಮೇಲೆ ಕಣ್ಣಿನ ಹತ್ತಿರ ಒಯ್ಯಬೇಕು.

ಮೆಲನಿನ್ನಿನ ಬಗೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲಿನಿಂದ ರಕ್ಷಣೆ. ನಮ್ಮಂಥ ಕಂದು ಚರ್ಮದವರಲ್ಲಿ ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಹೆಚ್ಚಿಸುತ್ತದೆ ಎಂಬುದು ಈಗ ತಿಳಿದಿದೆ. ಐರನ್ ಆಕ್ಸೈಡ್ ಸೇರಿಸಿ ತುಸು ಕಂದು ಬಣ್ಣ ಕೊಟ್ಟ ಸನ್‌ಸ್ಕ್ರೀನ್ ಎರಡನ್ನೂ ತಡೆಯುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಇರಬಾರದು. ಅದು ಕೈಗೆಟುಕದವರಿಗೆ ಕೊಡೆ, ಅಂಚಿನ ಟೋಪಿ, ತಲೆಯ ಮೇಲಿನ ಸೆರಗು, ಅಗಲವಾದ ತಂಪು ಕನ್ನಡಕ ಇವೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಸ್ಕೂಟರಿನ ಮೇಲೆ ಬಿಸಿಲು ತಿನ್ನುವವರಿಗೆ ಬೇರೆಲ್ಲ ಮದ್ದಿಗಿಂತ ಇವೇ ಹೆಚ್ಚು ಉಪಕಾರಿ.

ಇನ್ನು ಎಚ್ಚರಿಕೆಯ ಮಾತು. ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕೆಲವು ‘ಬೆಳ್ಳಗಾಗುವ’ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಆದ್ದರಿಂದ ಬಿಡಲು ಮನಸ್ಸು ಬರುವುದಿಲ್ಲ. ಮುಂದೆ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಅಂದರೆ ಕಣ್ಣಿನ ಕೆಳಗಿನ ಕಪ್ಪು ಇನ್ನೊಂದು ದಾರಿಯಿಂದ ಮರಳಿ ಬರುತ್ತದೆ. ಕಣ್ಣಿನ ಹತ್ತಿರ ಬಹುಕಾಲ ಬಳಸಿದರೆ ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಮತ್ತು ಪೊರೆಯ ಅಪಾಯವಿದೆ. 2011ರಲ್ಲಿ ಪ್ರಕಟವಾದ, ದೇಶದ 12 ಕೇಂದ್ರಗಳ ಅಧ್ಯಯನದಲ್ಲಿ ಮುಖದ ತೊಂದರೆಗೆಂದು ಬಂದ 2,926 ಜನರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಹೇಳದೆ ಹಚ್ಚಬಾರದು. ಬಹುಕಾಲ ಹಚ್ಚಿದವರು ಒಮ್ಮೆಲೇ ಬಿಡದೆ ಚರ್ಮವೈದ್ಯರನ್ನು ಕಾಣಬೇಕು.

6. ಒಳಗಿನ ಕಾರಣಗಳು

ನಿದ್ದೆ. ನಿದ್ದೆಗೆಟ್ಟರೆ ಕಣ್ಣು ಕಪ್ಪಾಗುತ್ತದೆ ಎಂಬ ಹಿರಿಯರ ಮಾತಿಗೆ ಆಧಾರವಿದೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಜನರ ಚಿತ್ರವನ್ನು ಎರಡು ಸಲ ತೆಗೆದರು: ಒಮ್ಮೆ ಎಂಟು ಗಂಟೆಯ ನಿದ್ದೆಯ ನಂತರ, ಇನ್ನೊಮ್ಮೆ 31 ಗಂಟೆ ಎಚ್ಚರವಿದ್ದ ನಂತರ. ಚಿತ್ರಗಳನ್ನು ನೋಡಿದ 40 ಜನ, ನಿದ್ದೆಗೆಟ್ಟ ಮುಖಗಳಲ್ಲಿ ರೆಪ್ಪೆ ಜೋತು, ಕಣ್ಣು ಕೆಂಪಾಗಿ, ಕೆಳಗೆ ಕಪ್ಪು ಹೆಚ್ಚಾಗಿರುವುದನ್ನು ಗುರುತಿಸಿದರು. ಆದರೆ ಇದು ಬಿಳಿಚಿದ ಚರ್ಮ ಮತ್ತು ಹಿಗ್ಗಿದ ನಾಳಗಳ ಕಪ್ಪು. ನಿದ್ದೆ ತುಂಬಿದರೆ ತಗ್ಗುತ್ತದೆ. ವಾರ ಪೂರ್ತಿ ಚೆನ್ನಾಗಿ ಮಲಗಿದರೂ ಕದಲದ ಕಪ್ಪಿಗೆ ಬೇರೆ ಕಾರಣ ಹುಡುಕಬೇಕು. ಬೆಳಿಗ್ಗೆ ರೆಪ್ಪೆ ಊದಿಕೊಳ್ಳುವವರು ಇನ್ನೊಂದು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು. ರಾತ್ರಿಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಬೇಕು.

ಅಲರ್ಜಿ. ಮೂಗು ಕಟ್ಟಿದಾಗ ಅದರ ಒಳಪದರ ಊದಿ, ಕಣ್ಣಿನ ಕೆಳಗಿನಿಂದ ಹರಿದು ಬರುವ ರಕ್ತಕ್ಕೆ ತಡೆಯಾಗುತ್ತದೆ. ತಡೆದ ರಕ್ತ ಕೆಳರೆಪ್ಪೆಯಲ್ಲಿ ನೇರಳೆಯಾಗಿ ಕಾಣುತ್ತದೆ. ಜೊತೆಗೆ ಕಣ್ಣು ತುರಿಸಿ ಉಜ್ಜುವುದರಿಂದ ಮೆಲನಿನ್ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಎದ್ದೊಡನೆ ಸಾಲುಸಾಲು ಸೀನುವ ಮಕ್ಕಳ ಕಣ್ಣಿನ ಕೆಳಗೆ ಈ ಜೋಡಿ ಕಪ್ಪು ಸಾಮಾನ್ಯ. ಕರ್ನಾಟಕದಲ್ಲಿ ಇದಕ್ಕೆ ಕಾರಣಗಳು ಹೇರಳ: ಮನೆಯ ದೂಳಿನ ನುಸಿ, ರಸ್ತೆಯ ದೂಳು, ಖಾಲಿ ಸೈಟುಗಳ ತುಂಬ ಬೆಳೆಯುವ ಪಾರ್ಥೇನಿಯಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಬರುವುದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅದೇ ಗಿಡ ರೈತರ, ಕೂಲಿಯವರ ರೆಪ್ಪೆಯ ಮೇಲೆ ಇಸುಬನ್ನೂ ತರುತ್ತದೆ. ಇಲ್ಲಿ ಮದ್ದು ಬೇಕಾದದ್ದು ಮೂಗಿಗೆ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಕಣ್ಣು ತುರಿಸಿದಾಗ ಉಜ್ಜದೆ ತಣ್ಣೀರು ಬಟ್ಟೆ ಇಡುವುದು, ವೈದ್ಯರ ಸಲಹೆಯಂತೆ ಅಲರ್ಜಿಯ ಔಷಧ ತೆಗೆದುಕೊಳ್ಳುವುದು, ಇಷ್ಟರಿಂದ ಅನೇಕರ ಕಪ್ಪು ತಗ್ಗುತ್ತದೆ.

ರಕ್ತಹೀನತೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಮುಖ ಬಿಳಿಚಿಕೊಳ್ಳುತ್ತದೆ. ಸುತ್ತಲ ಚರ್ಮ ಬಿಳಿಚಿದಾಗ ಕಣ್ಣಿನ ಕೆಳಗೆ ಮೊದಲೇ ಇದ್ದ ಕಪ್ಪು ಎದ್ದು ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂ, ಗರ್ಭಿಣಿಗೆ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಹರಿವೆ, ನುಗ್ಗೆ ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದು, ಹೆಸರು, ಹುರುಳಿ ಕಾಳನ್ನು ಮೊಳಕೆ ಬರಿಸಿ ತಿನ್ನುವುದು, ಊಟದ ಜೊತೆಗೇ ಕಾಫಿ, ಚಹಾ ಕುಡಿಯದೆ ಒಂದು ಗಂಟೆ ಬಿಡುವುದು ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತವೆ. ನಿಂಬೆಗೆ ತಕ್ಕ ಜಾಗ ಚರ್ಮವಲ್ಲ, ತಟ್ಟೆ. ರಕ್ತಹೀನತೆ ಹೆಚ್ಚಿದ್ದರೆ ಆಹಾರ ಸಾಲದು. ಕಬ್ಬಿಣದ ಮಾತ್ರೆ ಬೇಕೇ ಬೇಕು.

ಗ್ಲಾಕೋಮಾಕ್ಕೆ ಹಾಕುವ ಲ್ಯಾಟನೊಪ್ರೋಸ್ಟ್, ಬಿಮಾಟೊಪ್ರೋಸ್ಟ್ ಹನಿಗಳಿಂದಲೂ ರೆಪ್ಪೆ ಕಪ್ಪಾಗುತ್ತದೆ. ಹಾಗೆಂದು ಹನಿಯನ್ನು ತಾವಾಗಿ ನಿಲ್ಲಿಸಬಾರದು. ದೃಷ್ಟಿ ಹೋಗುವ ಅಪಾಯವಿದೆ. ಹೆಚ್ಚಾದ ಹನಿಯನ್ನು ಚರ್ಮದಿಂದ ಕೂಡಲೇ ಒರೆಸಿಕೊಂಡು, ವೈದ್ಯರಿಗೆ ತಿಳಿಸಬೇಕು.

7. ಮನೆಮದ್ದಿಗೆ ಕಾಯಬಾರದ ಸಂದರ್ಭಗಳು

ವಾಂತಿ, ಭೇದಿ ಆಗುತ್ತಿರುವ ಮಗುವಿನ ಕಣ್ಣು ಗುಳಿ ಬಿದ್ದು ಸುತ್ತ ಕಪ್ಪಾದರೆ ಅದು ನೀರಿನಂಶ ಬತ್ತಿದ ಲಕ್ಷಣ. ಕೂಡಲೇ ಓಆರ್‌ಎಸ್ ಕುಡಿಸಲು ಆರಂಭಿಸಿ ಆಸ್ಪತ್ರೆಗೆ ಒಯ್ಯಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ಎರಡೂ ಕಣ್ಣ ಸುತ್ತ ನೀಲಿಗಪ್ಪು ಮೂಡಿದರೆ ತಲೆಬುರುಡೆಯ ತಳ ಬಿರುಕು ಬಿಟ್ಟಿರಬಹುದು, ತಡ ಮಾಡುವಂತಿಲ್ಲ. ಪೆಟ್ಟು ಬೀಳದೆಯೇ ಮಗುವಿನ ಕಣ್ಣ ಸುತ್ತ ರಕ್ತ ಹೆಪ್ಪುಗಟ್ಟಿದಂತೆ ಕಂಡರೂ ಅದೇ ದಿನ ವೈದ್ಯರನ್ನು ಕಾಣಬೇಕು. ಒಂದೇ ಕಣ್ಣಿನ ಕೆಳಗೆ ಹೊಸದಾಗಿ ಬಂದ ಕಪ್ಪು, ಊತ, ನೋವು, ದೃಷ್ಟಿಯಲ್ಲಿ ವ್ಯತ್ಯಾಸ ಇವೂ ಪರೀಕ್ಷೆ ಬೇಡುವ ಸಂಗತಿಗಳು.

8. ನಿರ್ಣಯ

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಮನೆಯಲ್ಲಿ ಮಾಡುವ ಉಪಚಾರದಲ್ಲಿ ಹಚ್ಚುವುದಕ್ಕಿಂತ ಬಿಡುವುದರ ಪಾಲು ದೊಡ್ಡದು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಉಜ್ಜುವುದನ್ನು ಬಿಡಬೇಕು. ನಿಂಬೆಯನ್ನು, ತಿಕ್ಕುವ ಪುಡಿಗಳನ್ನು, ಹೆಸರು ತಿಳಿಯದ ಟ್ಯೂಬುಗಳನ್ನು ಬಿಡಬೇಕು. ರಕ್ತನಾಳದ ಬಗೆಯವರಿಗೆ ತಂಪು, ನಿದ್ದೆ ಮತ್ತು ಮೂಗಿನ ಚಿಕಿತ್ಸೆ. ಮೆಲನಿನ್ನಿನ ಬಗೆಯವರಿಗೆ ಬಿಸಿಲಿನಿಂದ ಮರೆ ಮತ್ತು ತಾಳ್ಮೆ. ತುರಿಸುವ ಚರ್ಮದವರಿಗೆ ತೇವ ಮತ್ತು ಅಲರ್ಜಿಯ ಪತ್ತೆ. ಇವುಗಳನ್ನು ಎಂಟರಿಂದ ಹನ್ನೆರಡು ವಾರ ಬಿಡದೆ ಪಾಲಿಸಿ, ಒಂದೇ ಕಿಟಕಿಯ ಬಳಿ ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದರೆ ಫಲ ಗೊತ್ತಾಗುತ್ತದೆ. ನೆರಳಿನ ಬಗೆಗೂ ವಂಶದ ಬಣ್ಣಕ್ಕೂ ಮನೆಯಲ್ಲಿ ಪೂರ್ತಿ ಪರಿಹಾರವಿಲ್ಲ. ಬೇಕೆನಿಸಿದವರಿಗೆ ಚರ್ಮವೈದ್ಯರಲ್ಲಿ ಚಿಕಿತ್ಸೆಗಳಿವೆ. ಬೇಡವೆನಿಸಿದರೆ ಹಾಗೇ ಬಿಟ್ಟರೂ ಯಾವ ಹಾನಿಯೂ ಇಲ್ಲ.

ಓದುಗರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿರುವ ಮನೆಯವರಲ್ಲಿ ಒಂದು ವಿನಂತಿ. ಮಗಳ ಕಣ್ಣಿನ ಕೆಳಗೆ ಕಪ್ಪು ಕಂಡರೆ ಕ್ರೀಮು ಕೊಳ್ಳುವ ಮೊದಲು ಅವಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆಯೂ ಉಚಿತ, ಕಬ್ಬಿಣದ ಮಾತ್ರೆಯೂ ಉಚಿತ.